ಒಳಗೆ ಇಟ್ಟುಕೊಂಡ ಪ್ರಾಣಿಗಳಿಗೆ ಯಾವ ಕೇರ್ ಪ್ಲಾನ್ ಆರಿಸುವುದು? ಬದಿಯಡ್ಕದ ಸಣ್ಣ ಕ್ಲಿನಿಕ್ಕಿನಿಂದ ಒಂದು ಪ್ರಶ್ನೆ

ಬದಿಯಡ್ಕದ ಆರೈಕೆಯವಳು

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಸಣ್ಣ ಪಶು ಕ್ಲಿನಿಕ್ಕಿನಲ್ಲಿ ಆರು ವರ್ಷದಿಂದ ಸಹಾಯಕಿ. ಡಾಕ್ಟ್ರು ಒಬ್ಬರು, ಸಹಾಯಕರು ಇಬ್ಬರು, ಗೂಡು ಒಂಬತ್ತು. ಮಳೆಗಾಲದಲ್ಲಿ ಒಂಬತ್ತೂ ಭರ್ತಿ. ಇಷ್ಟು ವರ್ಷ ಆರೈಕೆ ಎಲ್ಲ ಬಾಯಿಮಾತಿನಲ್ಲೇ ನಡೆಯಿತು. "ಮೂರನೇ ಗೂಡಿನ ಗ್ಲೂಕೋಸ್ ಮುಗಿಯಿತಾ ನೋಡು", "ಬೆಕ್ಕು ಏನಾದರೂ ತಿಂದಿತಾ?" ಅಷ್ಟೇ. ಈಗ ಡಾಕ್ಟ್ರು ಪ್ರತಿ ಪ್ರಾಣಿಗೂ ಬರೆದ ಕೇರ್ ಪ್ಲಾನ್, ಅಂದರೆ ಆರೈಕೆ ಹೇಗೆ ಮಾಡಬೇಕು ಎಂಬ ಯೋಜನೆ, ಬೇಕು ಎಂದಿದ್ದಾರೆ. ಯಾವುದು ಎಂದು ಆರಿಸುವ ಕೆಲಸ ನನಗೆ ಕೊಟ್ಟಿದ್ದಾರೆ.

ಇದು ಯಾಕೆ ಶುರುವಾಯಿತು ಎಂದು ಹೇಳುತ್ತೇನೆ. ಕಳೆದ ಆಟಿ ತಿಂಗಳಲ್ಲಿ ಬೈಕ್ ತಾಗಿ ಹಿಂಗಾಲು ಮುರಿದ ನಾಯಿಯೊಂದು ಬಂತು. ಮಧ್ಯಾಹ್ನ ಆಪರೇಷನ್ ಆಯಿತು, ರಾಡ್ ಹಾಕಿದರು, ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಆ ರಾತ್ರಿ ಗೂಡಿನಲ್ಲಿ ಅದು ಮೂತ್ರ ಮಾಡಲಿಲ್ಲ. ಮರುದಿನ ಬೆಳಿಗ್ಗೆ 10ಕ್ಕೆ ಹೊರಗೆ ಕರೆದುಕೊಂಡು ಹೋದೆ, ಇಲ್ಲ. ಸಂಜೆ 4ಕ್ಕೆ ಹೋದೆ, ಇಲ್ಲ. ಹೊಟ್ಟೆಯ ಕೆಳಗೆ ಕೈ ಇಟ್ಟರೆ ಮೂತ್ರಚೀಲ ಚೆಂಡಿನ ಹಾಗೆ ಗಟ್ಟಿ. ನರಕ್ಕೆ ಪೆಟ್ಟಾಗಿದೆಯೋ ಎಂದು ಡಾಕ್ಟ್ರಿಗೆ ಭಯ. ಟ್ಯೂಬ್ ಹಾಕಲು ತಯಾರಿ ಮಾಡುತ್ತಿದ್ದೆವು. ಅಷ್ಟರಲ್ಲಿ ನಾಯಿಯ ಮನೆಯ ಅಮ್ಮ ಫೋನ್ ಮಾಡಿದರು, ಸುಮ್ನೆ ಹೇಗಿದೆ ಎಂದು ಕೇಳಲು. ನಾನು ಹೇಳಿದೆ. ಅವರು ತಕ್ಷಣ ಹೇಳಿದರು: "ಅದನ್ನು ನಾವು ಹಗಲು ಕಟ್ಟಿ ಹಾಕುವುದು, ರಾತ್ರಿ ಬಿಡುವುದು. ಕತ್ತಲಾಗದೆ ಅದು ಎಂತದೂ ಮಾಡುವುದಿಲ್ಲ. ಸಂಕೋಲೆ ಇದ್ದರಂತೂ ಇಲ್ಲವೇ ಇಲ್ಲ."

ಏಳೂವರೆಗೆ ಕತ್ತಲಾಯಿತು. ಹೊಟ್ಟೆಯ ಕೆಳಗೆ ಟವಲ್ ಕೊಟ್ಟು ಎತ್ತಿ ಹಿಡಿದು ಹಿಂದಿನ ಅಡಿಕೆ ತೋಟದ ಬದಿಗೆ ಕರೆದುಕೊಂಡು ಹೋದೆವು. ಸಂಕೋಲೆ ಬಿಚ್ಚಿದೆ. ಎರಡು ನಿಮಿಷ ಮೂಸಿತು. ಆಮೇಲೆ ನಿಂತಲ್ಲೇ ಧಾರಾಳ ಮೂತ್ರ ಮಾಡಿತು. ನನಗೆ ಅಳುವೇ ಬಂತು. ಒಂದು ಮಾತು ಮೊದಲೇ ಕೇಳಿದ್ದರೆ ಆ ಜೀವ ಇಡೀ ದಿನ ಹಾಗೆ ಕಷ್ಟಪಡಬೇಕಾಗಿರಲಿಲ್ಲ ಅಲ್ವಾ?

ನಾನು ಹುಡುಕಿದಾಗ ಮೂರು ರೀತಿಯ ಪ್ಲಾನ್ ಸಿಕ್ಕಿತು. ಒಂದು, ರೋಗಕ್ಕೊಂದು ಮೊದಲೇ ತಯಾರಿಟ್ಟ ಹಾಳೆ. ನಾಯಿಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೋಗೆ ಒಂದು, ಉಣ್ಣಿ ಜ್ವರಕ್ಕೆ ಒಂದು, ಆಪರೇಷನ್ ಆದದ್ದಕ್ಕೆ ಒಂದು. ಎರಡು, ಪ್ರಾಣಿಯ ದಿನಚರಿಯನ್ನೇ ಕೇಳಿ ಬರೆಯುವ ಉದ್ದದ ಪ್ಲಾನ್. ಮೂರು, ಗಂಟೆ ಗಂಟೆಗೆ ಟಿಕ್ ಹಾಕುವ ಚಾರ್ಟ್. ಇಬ್ಬರೇ ಇರುವ ಕಡೆ ಯಾವುದು ನಡೆಯುತ್ತದೆ? ಅನುಭವ ಇದ್ದವರು ಹೇಳಿ.

ಉಪ್ಪಳದ ನಾಯಿಮನೆ

ನಮ್ಮ ನಾಯಿಯನ್ನು ಒಂದು ಕಡೆ ಮೂರು ದಿನ ಬಿಟ್ಟಿದ್ದೆವು. ಸ್ಟೀಲ್ ತಟ್ಟೆಯಲ್ಲಿ ಇಟ್ಟದ್ದನ್ನು ಮುಟ್ಟಲಿಲ್ಲವಂತೆ. ಮನೆಯಲ್ಲಿ ಅದು ಅಡಿಕೆ ಹಾಳೆಯಲ್ಲಿ ಬಡಿಸಿದ್ದನ್ನು ಮಾತ್ರ ತಿನ್ನುವುದು. ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಿಮ್ಮ ಪ್ರಶ್ನೆ ತುಂಬಾ ಮುಖ್ಯದ್ದು.

ಕುಂಬಳೆಯವಳು, ಈಗ ಇಂಗ್ಲೆಂಡಿನಲ್ಲಿ ಪಶು ನರ್ಸ್

ಅಕ್ಕಾ, ನೀವು ಎರಡನೆಯದು ಎಂದು ಹೇಳಿದ ಪ್ಲಾನನ್ನೇ ನಾವು ಇಲ್ಲಿ ಓದುವಾಗ ಕಲಿತದ್ದು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಇದರ ಬೇರು ಮನುಷ್ಯರ ನರ್ಸಿಂಗಿನಲ್ಲಿದೆ. ರೋಪರ್, ಲೋಗನ್, ಟಿಯರ್ನಿ ಎಂಬ ಮೂವರು 1980ರಲ್ಲಿ ಹೊರತಂದ ಮಾದರಿಯಲ್ಲಿ ಮನುಷ್ಯನ ದಿನದ ಬದುಕನ್ನು 12 ಚಟುವಟಿಕೆಗಳಾಗಿ ನೋಡುತ್ತಾರೆ. ಉಸಿರಾಡುವುದು, ಉಣ್ಣುವುದು, ಮಲಗುವುದು, ಕೆಲಸ ಮತ್ತು ಆಟ, ಕೊನೆಗೆ ಸಾವು ಕೂಡ. ಮೊದಮೊದಲು ಪಶು ನರ್ಸುಗಳು ಅದನ್ನೇ ತಂದು ನಾಯಿ ಬೆಕ್ಕುಗಳಿಗೆ ಬಳಸಿದರು. ಕೆಲವು ಹೊಂದಿತು, ಕೆಲವು ಹೊಂದಲಿಲ್ಲ. 2007ರಲ್ಲಿ ಹಿಲರಿ ಓರ್ಪೆಟ್ ಮತ್ತು ಆಂಡ್ರಿಯಾ ಜೆಫರಿ ಎಂಬವರು ಪ್ರಾಣಿಗಳಿಗೆಂದೇ ‘ಎಬಿಲಿಟಿ ಮಾಡೆಲ್’ ಮಾಡಿದರು. ಅದರಲ್ಲಿ ಹತ್ತು ಪ್ರಶ್ನೆ. ಈ ಪ್ರಾಣಿಗೆ ಸಾಕಷ್ಟು ತಿನ್ನಲು ಆಗುತ್ತದಾ, ಸಾಕಷ್ಟು ಕುಡಿಯಲು ಆಗುತ್ತದಾ, ಮೂತ್ರ ಮಾಡಲು, ಮಲ ಮಾಡಲು, ಸರಿಯಾಗಿ ಉಸಿರಾಡಲು, ಮೈ ಬಿಸಿ ಕಾಪಾಡಿಕೊಳ್ಳಲು, ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳಲು, ಓಡಾಡಲು, ನಿದ್ದೆ ಮಾಡಲು, ತನ್ನ ಜಾತಿಗೆ ತಕ್ಕ ಹಾಗೆ ನಡೆದುಕೊಳ್ಳಲು ಆಗುತ್ತದಾ?

ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಬೇಕು. ಮನೆಯಲ್ಲಿ ಹೇಗೆ? ಈಗ ಹೇಗೆ? ನಿಮ್ಮ ನಾಯಿಯ ವಿಷಯದಲ್ಲಿ ‘ಈಗ ಮೂತ್ರ ಮಾಡುತ್ತಿಲ್ಲ’ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ‘ಮನೆಯಲ್ಲಿ ಹೇಗೆ’ ಎಂಬ ಕಾಲಮ್ ಇರಲೇ ಇಲ್ಲ. ಪ್ರಾಣಿಯ ವಯಸ್ಸು, ಮನೆಯವರ ರೀತಿ ರಿವಾಜು, ಅವರ ಕೈಯಲ್ಲಿರುವ ದುಡ್ಡು, ಹೇಳಿದ್ದನ್ನು ಮಾಡಲು ಅವರಿಗೆ ಸಾಧ್ಯವಾ ಎಂಬುದನ್ನೂ ಈ ಮಾದರಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ ಊರಿಗೆ ಇದು ತುಂಬಾ ಬೇಕು.

ಆದರೆ ಹತ್ತಕ್ಕೂ ಉದ್ದುದ್ದ ಬರೆಯಲು ಹೋಗಬೇಡಿ. ನಾನು ಮೊದಲ ವರ್ಷ ಹಾಗೆ ಮಾಡಿ, ಬರೆಯುವುದರಲ್ಲೇ ಹೊತ್ತು ಹೋಗಿ, ಗೂಡಿನ ಹತ್ತಿರ ಹೋಗುವುದೇ ತಡವಾಗುತ್ತಿತ್ತು. ಹತ್ತೂ ಕೇಳಿ. ಯಾವುದರಲ್ಲಿ ಮನೆಗೂ ಈಗಕ್ಕೂ ವ್ಯತ್ಯಾಸ ಇದೆಯೋ ಅದಕ್ಕೆ ಮಾತ್ರ ಪ್ಲಾನ್ ಬರೆಯಿರಿ. ಹೆಚ್ಚಿನ ಪ್ರಾಣಿಗಳಿಗೆ ಅದು ಮೂರೋ ನಾಲ್ಕೋ ಆಗುತ್ತದೆ.

ಇನ್ನೊಂದು, ಗುರಿಯನ್ನು ಅಳೆಯಲು ಬರುವ ಹಾಗೆ ಬರೆಯಬೇಕು. ‘ಚೆನ್ನಾಗಿ ತಿನ್ನಿಸುವುದು’ ಎಂದು ಬರೆದರೆ ರಾತ್ರಿ ಬರುವವರಿಗೆ ಏನೂ ಗೊತ್ತಾಗುವುದಿಲ್ಲ. 12 ಕೆಜಿಯ ನಾಯಿ ಎಂದಿಟ್ಟುಕೊಳ್ಳಿ. ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲರಿಗೆ ಒಂದು ಸುಲಭ ಲೆಕ್ಕ ಉಂಟು: ತೂಕವನ್ನು 30ರಿಂದ ಗುಣಿಸಿ 70 ಕೂಡಿಸುವುದು. ಎರಡು ಕೆಜಿಯಿಂದ ಇಪ್ಪತ್ತೈದು ಕೆಜಿಯವರೆಗೆ ಈ ಲೆಕ್ಕ ಸಾಕು. 12 ಕೆಜಿಗೆ 430 ಕ್ಯಾಲರಿ. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಸುಮಾರು 130 ಕ್ಯಾಲರಿ. ನಮ್ಮವರು ಕಾಯಿಲೆ ನಾಯಿಗೆ ಗಂಜಿ ತಿಳಿ ಕುಡಿಸಿ ‘ತಿಂದಿದೆ’ ಎನ್ನುತ್ತಾರೆ. ಎರಡು ಲೋಟ ತಿಳಿಯಲ್ಲಿ ನೀರೇ ಜಾಸ್ತಿ, ಆಹಾರ ಏನೇನೂ ಇಲ್ಲ. ಆದ್ದರಿಂದ ‘ತಿಂದಿತು’ ಎನ್ನುವ ಬದಲು ‘ಅನ್ನ ಮತ್ತು ಕೋಳಿ 80 ಗ್ರಾಂ ತಿಂದಿತು, 40 ಗ್ರಾಂ ಬಿಟ್ಟಿತು’ ಎಂದು ಬರೆಯಿರಿ. ನಾಲ್ಕೈದು ದಿನ ಉಪವಾಸ ಇದ್ದ ಪ್ರಾಣಿಗೆ ಮೊದಲ ದಿನ ಪೂರ್ತಿ ಕೊಡಬಾರದು. ಮೂರರಲ್ಲಿ ಒಂದು ಪಾಲಿನಿಂದ ಶುರು ಮಾಡಿ ಮೂರು ದಿನದಲ್ಲಿ ಏರಿಸಬೇಕು.

ಮುಳ್ಳೇರಿಯದ ಹಳೆ ಡಾಕ್ಟ್ರು

ನಿವೃತ್ತನಾಗಿ ಕೆಲವು ವರ್ಷ ಆಯಿತು. ಕುಂಬಳೆಯ ತಂಗಿ ಬರೆದದ್ದು ಚಂದ ಇದೆ. ಆದರೂ ರೋಗದ ಹಾಳೆಯನ್ನು ಅಷ್ಟು ಸುಲಭಕ್ಕೆ ಬಿಡಬೇಡಿ ಎಂದು ನನ್ನ ಮಾತು.

ಪಾರ್ವೋ ಬಂದ ಮರಿಯ ಹತ್ತಿರ ಕೂತು ‘ಮನೆಯಲ್ಲಿ ನಿದ್ದೆ ಹೇಗೆ’ ಎಂದು ಕೇಳುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಮರಿಯನ್ನು ಬೇರೆ ಕೋಣೆಗೆ ಹಾಕಬೇಕು. ಅದನ್ನು ನೋಡುವವರು ಒಬ್ಬರೇ ಇರಬೇಕು, ಅವರು ಬೇರೆ ಮರಿಗಳನ್ನು ಮುಟ್ಟಬಾರದು. ಚಪ್ಪಲಿ, ಬಟ್ಟಲು, ಬಟ್ಟೆ ಎಲ್ಲ ಬೇರೆ. ನಮ್ಮ ಕಡೆ ಎಲ್ಲದಕ್ಕೂ ಫಿನಾಯಿಲ್ ಹಾಕುತ್ತಾರೆ. ಪಾರ್ವೋ ವೈರಸ್ ಅದಕ್ಕೆ ಬಗ್ಗುವುದಿಲ್ಲ. ಬೆಕ್ಕುಗಳಿಗೆ ಫಿನಾಯಿಲ್ ವಿಷ ಕೂಡ. ನೆಲವನ್ನು ಮೊದಲು ಸೋಪು ನೀರಿನಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಇವೆಲ್ಲ ಪ್ರತಿ ಪಾರ್ವೋ ಮರಿಗೂ ಒಂದೇ. ಇದನ್ನು ಪ್ರತಿ ಸಲ ಹೊಸದಾಗಿ ಯೋಚಿಸಿ ಬರೆಯಬೇಕಾಗಿಲ್ಲ. ಗೋಡೆಯ ಮೇಲೆ ಅಂಟಿಸಿದ ಹಾಳೆ ಸಾಕು. ಇಲಿಜ್ವರವೂ ಹಾಗೆಯೇ. ಮಳೆಗಾಲದಲ್ಲಿ ತೋಟದ ನೀರಿನಲ್ಲಿ ಓಡಾಡುವ ನಾಯಿಗೆ ಕಣ್ಣು ವಸಡು ಹಳದಿಯಾಗಿ ಬಂತೆಂದರೆ, ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೈಗೆ ಗ್ಲೌಸ್ ಹಾಕಿ. ಅದರ ಮೂತ್ರದಿಂದ ನಿಮಗೇ ಬರಬಹುದು. ಮೊದಲು ನಿಮ್ಮ ಜೀವ ನೋಡಿಕೊಳ್ಳಿ ಮಗಳೇ.

ಕಾನೂನಿನ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಹಾಗೆ ಪಶು ನರ್ಸುಗಳ ಪ್ರತ್ಯೇಕ ನೋಂದಣಿ ನಮ್ಮಲ್ಲಿ ಇಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಸರ್ಕಾರ ಒಪ್ಪಿದ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇದ್ದವರು ಡಾಕ್ಟ್ರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ಆದ್ದರಿಂದ ನಿಮ್ಮ ಪ್ಲಾನಿನಲ್ಲಿ ಮದ್ದಿನ ಹೆಸರು, ಪ್ರಮಾಣ ಡಾಕ್ಟ್ರ ಕೈಬರಹದಲ್ಲೇ ಇರಲಿ. ಆರೈಕೆಯ ಭಾಗ ನಿಮ್ಮದು. ಎರಡರ ನಡುವೆ ಗೆರೆ ಎಳೆಯಿರಿ.

ಬದಿಯಡ್ಕದ ಆರೈಕೆಯವಳು

ಡಾಕ್ಟ್ರೇ, ಫಿನಾಯಿಲ್ ವಿಷಯ ಓದಿ ನಮ್ಮ ಕ್ಲಿನಿಕ್ಕಿನ ಬಾಟಲಿ ಇವತ್ತೇ ತೆಗೆಸಿದೆ. ಹಾಗಾದರೆ ರೋಗದ ಹಾಳೆ ಗೋಡೆಗೆ, ಹತ್ತು ಪ್ರಶ್ನೆ ಗೂಡಿಗೆ ಎಂದು ಇಟ್ಟುಕೊಳ್ಳಬಹುದಾ?

ಮುಳ್ಳೇರಿಯದ ಹಳೆ ಡಾಕ್ಟ್ರು

ಅದೇ. ಎರಡೂ ಬೇಕು. ರೋಗ ಎಲ್ಲ ನಾಯಿಗೆ ಒಂದೇ, ನಾಯಿ ಮಾತ್ರ ಬೇರೆ ಬೇರೆ.

ಪೆರ್ಲದ ಹಟ್ಟಿ

ನೀವೆಲ್ಲ ಗೂಡಿನ ಪ್ರಾಣಿಯ ಬಗ್ಗೆಯೇ ಹೇಳುತ್ತಿದ್ದೀರಿ. ದನಕ್ಕೆ ಯಾವ ಪ್ಲಾನ್? ದನವನ್ನು ಯಾರೂ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಹಟ್ಟಿಯೇ ಆಸ್ಪತ್ರೆ, ನಾವೇ ನರ್ಸು.

ಎರಡು ವರ್ಷದ ಹಿಂದಿನ ಮಾತು. ನಮ್ಮ ಎಚ್‌ಎಫ್ ಕ್ರಾಸ್ (ವಿದೇಶಿ ಮಿಶ್ರತಳಿ) ದನ ಕರು ಹಾಕಿದ ಮರುದಿನ ಬಿತ್ತು. ಕುತ್ತಿಗೆ ಒಂದು ಬದಿಗೆ ತಿರುಗಿಸಿ ಮಲಗಿತು, ಕಿವಿ ತಣ್ಣಗೆ. ಡಾಕ್ಟ್ರು ಬಂದು ಕ್ಯಾಲ್ಸಿಯಂ ಕೊಟ್ಟರು. ಸಂಜೆಯಾಗಿತ್ತು, ಅವರಿಗೆ ಇನ್ನೊಂದು ಕಡೆ ಹೋಗಲಿಕ್ಕಿತ್ತು. ಒಂದು ಚೀಟಿಯಲ್ಲಿ ಏನೋ ಬರೆದು ಕೊಟ್ಟು ಹೊರಟರು. ಚೀಟಿ ಮಲಯಾಳದಲ್ಲಿತ್ತು. ನಾನು ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವಳು. ಮಗ ಮಂಗಳೂರಿನಲ್ಲಿ. ಮದ್ದಿನ ಚೀಟಿ ಇರಬೇಕು, ನಾಳೆ ತಂದರಾಯಿತು ಎಂದುಕೊಂಡೆ. ದನ ಇಡೀ ರಾತ್ರಿ ಸಿಮೆಂಟ್ ನೆಲದ ಮೇಲೆ ಒಂದೇ ಬದಿಗೆ ಮಲಗಿತ್ತು. ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಓದಿ ಹೇಳಿದ: "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಕೆಳಗೆ ದಪ್ಪ ಹುಲ್ಲು ಹಾಕಿ" ಎಂದಿತ್ತು.

ಆಮೇಲೆ ಏನು ಮಾಡಿದರೂ ಹಿಂಗಾಲು ಎತ್ತಲಿಲ್ಲ. ಆರನೇ ದಿನ ಹೋಯಿತು. ಕರು ಉಳಿಯಿತು. ಡಾಕ್ಟ್ರ ಮೇಲೆ ನನಗೆ ಸಿಟ್ಟಿಲ್ಲ, ಅವರು ಸರಿಯಾಗಿಯೇ ಬರೆದಿದ್ದರು. ಒಂದು ಸಲ ಬಾಯಲ್ಲಿ ಹೇಳಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಮುಳ್ಳೇರಿಯದ ಹಳೆ ಡಾಕ್ಟ್ರು

ಅಕ್ಕಾ, ಓದಿ ಸಂಕಟವಾಯಿತು. ನಿಮ್ಮ ಹಾಗೆ ಕೈಯಲ್ಲಿ ಚೀಟಿ ಹಿಡಿದು ನಿಂತವರನ್ನು ನಾನೂ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಈ ವಿಷಯ ಇಲ್ಲಿ ಓದುವ ಎಲ್ಲ ಹಟ್ಟಿಯವರಿಗೂ ಬೇಕಾದದ್ದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕರು ಹಾಕಿದ ಮೊದಲ ಮೂರು ದಿನದಲ್ಲಿ ದನ ಬೀಳಲು ಮುಖ್ಯ ಕಾರಣ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದು. ಹಾಲು ಜ್ವರ ಎಂದು ಹೆಸರು, ಜ್ವರ ಇರುವುದಿಲ್ಲ, ಮೈ ತಣ್ಣಗಾಗುತ್ತದೆ. ಕ್ಯಾಲ್ಸಿಯಂ ರಕ್ತನಾಳಕ್ಕೆ ಕೊಟ್ಟಾಗ ಹೆಚ್ಚಿನವು ಬೇಗ ಏಳುತ್ತವೆ. ಏಳದಿದ್ದವುಗಳಿಗೆ ಶತ್ರು ಅವುಗಳ ತೂಕವೇ. ನಾಲ್ಕು ಕ್ವಿಂಟಲ್ ಮೈ ಕೆಳಗಿನ ತೊಡೆಯನ್ನು ಒತ್ತುತ್ತದೆ. ರಕ್ತ ಓಡುವುದಿಲ್ಲ. ಗಟ್ಟಿ ನೆಲದ ಮೇಲೆ ಕೆಲವೇ ಗಂಟೆಗಳಲ್ಲಿ ಮಾಂಸ ಮತ್ತು ನರ ಹಾಳಾಗಲು ಶುರು. ಅರ್ಧ ದಿನ ಕಳೆದರೆ ಕ್ಯಾಲ್ಸಿಯಂ ಸರಿಯಾದರೂ ಕಾಲು ಸರಿಯಾಗುವುದು ಕಷ್ಟ. ಆದ್ದರಿಂದ ಬಿದ್ದ ದನಕ್ಕೆ ಆರೈಕೆಯೇ ಅರ್ಧ ಮದ್ದು.

ನೆಲಕ್ಕೆ ಸೊಪ್ಪು ದಪ್ಪವಾಗಿ ಹಾಸಿ, ಮೇಲೆ ಬೈಹುಲ್ಲು, ಅದರ ಮೇಲೆ ಗೋಣಿ. ಹಟ್ಟಿ ಸಿಮೆಂಟಿನದ್ದಾದರೆ ಹೊರಗೆ ಮಣ್ಣಿಗೆ ಸಾಗಿಸುವುದು ಇನ್ನೂ ಒಳ್ಳೆಯದು, ಗೋಣಿ ಅಥವಾ ಟಾರ್ಪಾಲಿನ ಮೇಲೆ ಮಲಗಿಸಿ ಎಳೆಯಿರಿ, ಕಾಲಿಗೆ ಹಗ್ಗ ಹಾಕಿ ಎಳೆಯಬೇಡಿ. ಎದೆಯ ಮೇಲೆ ಕೂರಿಸಿ ಎರಡು ಬದಿಗೂ ಹುಲ್ಲಿನ ಕಟ್ಟು ಅಥವಾ ಮರಳಿನ ಚೀಲ ಒತ್ತಿಡಿ. ಪೂರ್ತಿ ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸಿ ಸಾಯುತ್ತದೆ. ಎರಡು ಮೂರು ಗಂಟೆಗೊಮ್ಮೆ ಮೇಲಿನ ತೊಡೆ ಕೆಳಗೆ, ಕೆಳಗಿನದ್ದು ಮೇಲೆ. ರಾತ್ರಿ ಅಲಾರಂ ಇಟ್ಟು ಏಳಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ‘ಎಡ’, ‘ಬಲ’ ಎಂದು ಗಂಟೆ ಹಾಕಿ. ನೀರು ಮತ್ತು ಹುಲ್ಲು ಮೂತಿಗೆ ಎಟಕುವ ಹಾಗೆ ಇಡಿ. ಕೆಚ್ಚಲು ಒದ್ದೆ ಸೆಗಣಿಯಲ್ಲಿ ಇರಬಾರದು.

ಒಂದು ವಿಷಯ ಬೇಡಿಕೊಂಡು ಹೇಳುತ್ತೇನೆ. ಬಿದ್ದ ದನದ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ. ಕಷಾಯ, ಬೆಲ್ಲದ ನೀರು, ಬಾಟಲಿಯ ಕ್ಯಾಲ್ಸಿಯಂ, ಯಾವುದೂ ಬೇಡ. ಕ್ಯಾಲ್ಸಿಯಂ ಇಳಿದ ದನಕ್ಕೆ ನುಂಗುವ ಶಕ್ತಿ ಇರುವುದಿಲ್ಲ. ಹೊಯ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಕಾಲಿನಿಂದ ಸಾಯದ ದನ ಅದರಿಂದ ಸತ್ತದ್ದನ್ನು ನೋಡಿದ್ದೇನೆ. ರಾತ್ರಿ ಹೊತ್ತು ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ ನೋಡಿ, ಅದು ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ನಂಬರ್.

ಪೂಕೋಡು ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿರುವವ

ಚಾರ್ಟಿಗೆ ಮೊಬೈಲ್ ಆಪ್ ಬಳಸಿದರೆ ಸುಲಭ ಅಲ್ವಾ? ಭಾಷೆಯ ಸಮಸ್ಯೆಯೂ ಇರುವುದಿಲ್ಲ, ತಾನೇ ಅನುವಾದ ಮಾಡುತ್ತದೆ.

ಬದಿಯಡ್ಕದ ಆರೈಕೆಯವಳು

ತಮ್ಮಾ, ಯೋಚಿಸಿದ್ದೆ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಲಾಗುವುದಿಲ್ಲ. ಮಳೆಗೆ ಕರೆಂಟ್ ಹೋದರೆ ಚಾರ್ಜ್ ಇಲ್ಲ. ಗೂಡಿಗೆ ನೂಲಿನಲ್ಲಿ ಕಟ್ಟಿದ ರಟ್ಟು ಇದ್ದರೆ ಅಲ್ಲೇ ನಿಂತು ಬರೆಯಬಹುದು. ಅನುವಾದವನ್ನು ನಾನು ನಂಬುವುದಿಲ್ಲ. ಮದ್ದಿನ ವಿಷಯದಲ್ಲಿ ‘ಕೊಡಿ’ ಮತ್ತು ‘ಕೊಡಬೇಡಿ’ ತಪ್ಪಿದರೆ ಮುಗಿಯಿತು.

ಕಾಸರಗೋಡು ಪೇಟೆಯ ಬೆಕ್ಕಿನಮನೆ

ಬೆಕ್ಕಿನವಳ ಮಾತೂ ಕೇಳಿ. ನಾಯಿ ನೋವಾದರೆ ಕೂಗುತ್ತದೆ. ನನ್ನ ಬೆಕ್ಕು ಆಪರೇಷನ್ ಆದ ಮೇಲೆ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಎಲ್ಲರೂ "ಪಾಪ, ಶಾಂತವಾಗಿದೆ" ಎಂದರು. ಮನೆಯಲ್ಲಿ ಅದು ಒಂದು ಕ್ಷಣ ಸುಮ್ಮನಿರುವುದಲ್ಲ. ಮೂರು ದಿನ ಏನೂ ತಿನ್ನಲಿಲ್ಲ. ಬೆಕ್ಕಿನ ನೋವನ್ನು ತಿಳಿಯುವುದು ಹೇಗೆ?

ಕುಂಬಳೆಯವಳು, ಈಗ ಇಂಗ್ಲೆಂಡಿನಲ್ಲಿ ಪಶು ನರ್ಸ್

ಇದಕ್ಕೆ ಒಳ್ಳೆಯ ಸಾಧನವೇ ಇದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ‘ಫೆಲೈನ್ ಗ್ರಿಮೇಸ್ ಸ್ಕೇಲ್’ ಪ್ರಕಟಿಸಿದರು. ಬೆಕ್ಕಿನ ಮುಖದಲ್ಲಿ ಐದು ಕಡೆ ನೋಡುವುದು: ಕಿವಿ ಹೊರಕ್ಕೆ ತಿರುಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10ರಲ್ಲಿ 4 ಅಥವಾ ಜಾಸ್ತಿ ಬಂದರೆ ಡಾಕ್ಟ್ರಿಗೆ ಹೇಳಿ ನೋವಿನ ಮದ್ದು ಕೇಳಬೇಕು. ಮುಟ್ಟಬೇಕಾಗಿಲ್ಲ, ದೂರದಿಂದ ನೋಡಿದರೆ ಸಾಕು. ನಾಯಿಗೆ ಗ್ಲಾಸ್ಗೋ ನೋವಿನ ಪಟ್ಟಿ ಇದೆ. ಒಟ್ಟು 24, ಅದರಲ್ಲಿ 6 ಬಂದರೆ ಮದ್ದಿನ ಬಗ್ಗೆ ಯೋಚಿಸಬೇಕು. ನಡೆಯಲು ಆಗದ ನಾಯಿಗೆ 20ರಲ್ಲಿ 5. ಎಬಿಲಿಟಿ ಮಾಡೆಲಿನ ಹತ್ತು ಪ್ರಶ್ನೆಗಳಲ್ಲಿ ನೋವಿಗೆಂದು ಬೇರೆ ಪ್ರಶ್ನೆ ಇಲ್ಲ. ಆದ್ದರಿಂದ ಇದನ್ನು ಪಕ್ಕದಲ್ಲಿ ಸೇರಿಸಿಕೊಳ್ಳಿ.

ಬೆಕ್ಕಿಗೆ ಗೂಡಿನೊಳಗೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ಅಡಗಿಕೊಳ್ಳಲು ಜಾಗ ಸಿಕ್ಕಿದರೆ ಅದು ತಿನ್ನುವ ಸಾಧ್ಯತೆ ಜಾಸ್ತಿ. ನಾಯಿಗಳ ಎದುರು ಗೂಡು ಬೇಡ. ಮೂರು ದಿನ ತಿನ್ನದ ಬೆಕ್ಕನ್ನು ಕಾದು ನೋಡಬಾರದು, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಒಂದು ರೋಗವಾಗುತ್ತದೆ. ದಪ್ಪ ಬೆಕ್ಕಾದರೆ ಇನ್ನೂ ಭಯ. ಮನೆಯಲ್ಲಿ ಉಳಿದ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಬದಿಯಡ್ಕದ ಆರೈಕೆಯವಳು

ಮೂರು ವಾರ ಆಯಿತು. ನಾವು ಏನು ಮಾಡಿಕೊಂಡೆವು ಎಂದು ಹೇಳುತ್ತೇನೆ.

24 ಗಂಟೆಗಿಂತ ಜಾಸ್ತಿ ಇರುವ ಪ್ರಾಣಿಗೆ ಮಾತ್ರ ಪೂರ್ತಿ ಪ್ಲಾನ್. ಒಂದೇ ಹಾಳೆ, ಎರಡು ಬದಿ. ಮುಂದಿನ ಬದಿಯಲ್ಲಿ ಹತ್ತು ಪ್ರಶ್ನೆ, ಮನೆಯಲ್ಲಿ ಹೇಗೆ, ಈಗ ಹೇಗೆ. ಇದನ್ನು ಕರೆದುಕೊಂಡು ಬಂದವರನ್ನಲ್ಲ, ಪ್ರಾಣಿಗೆ ಊಟ ಹಾಕುವವರನ್ನು ಕೇಳುತ್ತೇವೆ. ಅವರು ಬಂದಿರದಿದ್ದರೆ ಫೋನ್ ಮಾಡುತ್ತೇವೆ. ಹೆಚ್ಚಾಗಿ ಆಟೋದಲ್ಲಿ ತರುವುದು ಮನೆಯ ಗಂಡಸರು, ಉತ್ತರ ಗೊತ್ತಿರುವುದು ಅಡುಗೆಮನೆಯಲ್ಲಿ ಇರುವವರಿಗೆ. ತುಳು, ಕನ್ನಡ, ಮಲಯಾಳ, ಅವರು ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಕೇಳುವುದು. ಹಾಳೆಯಲ್ಲಿ ಮಾತ್ರ ಕನ್ನಡ ಮತ್ತು ಮಲಯಾಳ ಎರಡೂ ಅಚ್ಚು ಮಾಡಿಸಿದ್ದೇವೆ, ಯಾಕೆಂದರೆ ನನ್ನ ಜೊತೆಯವಳು ಮಲಯಾಳದವಳು.

ಹಿಂದಿನ ಬದಿಯಲ್ಲಿ ನಾಲ್ಕು ಗಂಟೆಗೊಮ್ಮೆ ತುಂಬುವ ಚಾರ್ಟ್, ನೋವಿನ ಅಂಕ, ತಿಂದದ್ದು ಗ್ರಾಮಿನಲ್ಲಿ. ಕೆಳಗೆ ಕೆಂಪು ಶಾಯಿಯಲ್ಲಿ ಯಾವಾಗ ಡಾಕ್ಟ್ರಿಗೆ ಫೋನ್ ಮಾಡಬೇಕು ಎಂದು ಅವರೇ ಬರೆದು ಕೊಟ್ಟಿದ್ದಾರೆ. ಮೈ ಶಾಖ 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ 37.5ಕ್ಕಿಂತ ಇಳಿದರೆ, ಮಲಗಿದ್ದಾಗ ಉಸಿರು ನಿಮಿಷಕ್ಕೆ 40 ದಾಟಿದರೆ, 12 ಗಂಟೆ ಮೂತ್ರ ಇಲ್ಲದಿದ್ದರೆ, ವಸಡು ಬಿಳಿಚಿದರೆ. ಇದು ಬರೆದದ್ದರಿಂದ ಒಂದು ಉಪಕಾರ ಆಯಿತು. ನನ್ನ ಜೊತೆಯವಳು ಹೊಸಬಳು. 38.8 ನೋಡಿದರೆ ಜ್ವರ ಎಂದು ಹೆದರುತ್ತಿದ್ದಳು. ನಾಯಿಗೆ ಅದು ಸರಿಯಾದ ಶಾಖ ಎಂದು ಈಗ ಹಾಳೆಯೇ ಹೇಳುತ್ತದೆ.

ಕಳೆದ ವಾರ ನೀರ್ಚಾಲಿನ ಕಡೆಯಿಂದ ಉಣ್ಣಿ ಜ್ವರದ ನಾಯಿ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ತುಂಬಾ ಕಡಿಮೆ. ಗೋಡೆಯ ಹಾಳೆ ಪ್ರಕಾರ ಮೆತ್ತನೆ ಹಾಸಿಗೆ, ಎಲುಬು ಕೊಡಬಾರದು, ರಕ್ತ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಬೇಕು, ವಸಡಿನಲ್ಲಿ ಕೆಂಪು ಚುಕ್ಕೆ ನೋಡುತ್ತಿರಬೇಕು. ಎಲ್ಲ ಮಾಡಿದೆವು. ಆದರೂ ತಿನ್ನಲಿಲ್ಲ. ಗೂಡಿನ ಹಾಳೆ ತಿರುಗಿಸಿದರೆ ಮನೆಯ ಅಜ್ಜಿ ಹೇಳಿದ್ದು ಇತ್ತು: "ನಾನು ಮೆಟ್ಟಿಲಲ್ಲಿ ಕೂತು ಬೆನ್ನು ತಟ್ಟಿದರೆ ಮಾತ್ರ ತಿನ್ನುವುದು." ಗೂಡಿನ ಬಾಗಿಲು ತೆಗೆದು ನೆಲದಲ್ಲಿ ಕೂತೆ. ಬೆನ್ನು ತಟ್ಟುತ್ತಾ ಮೀನಿನ ಅನ್ನ ಇಟ್ಟೆ. 60 ಗ್ರಾಂ ತಿಂದಿತು. ಮರುದಿನ 140. ಐದನೇ ದಿನ ಮನೆಗೆ ಹೋಯಿತು.

ಒಂದು ಸಮಸ್ಯೆ ಹಾಗೆಯೇ ಉಳಿದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲ. ಚಾರ್ಟಿನಲ್ಲಿ ಎರಡು ಕಾಲಮ್ ಖಾಲಿ. ಸುಳ್ಳು ಟಿಕ್ ಹಾಕುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ‘ಯಾರೂ ಇರಲಿಲ್ಲ’ ಎಂದೇ ಬರೆಯುತ್ತೇವೆ. ಪ್ರಾಣಿಯ ಮನೆಯವರಿಗೂ ಮೊದಲೇ ಹೇಳುತ್ತೇವೆ. ಆ ಖಾಲಿ ಕಾಲಮ್ ನೋಡಿ ಡಾಕ್ಟ್ರು ಈಗ ರಾತ್ರಿಗೆ ಒಬ್ಬರನ್ನು ಹುಡುಕುತ್ತಿದ್ದಾರೆ.

ಪೆರ್ಲದ ಅಕ್ಕಾ, ನಿಮಗೂ ಒಂದು ಹಾಳೆ ಮಾಡಿದ್ದೇನೆ. ದನದ್ದು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಹಟ್ಟಿಯ ಕಂಬಕ್ಕೆ ಕಟ್ಟಬಹುದು. ದನ ಆರೋಗ್ಯವಾಗಿರುವಾಗಲೇ ‘ಮನೆಯಲ್ಲಿ ಹೇಗೆ’ ಕಾಲಮ್ ತುಂಬಿಸಿಡಿ. ಡಾಕ್ಟ್ರು ಬಂದಾಗ ತೋರಿಸಿ, ಅವರು ಹೇಳಿದ್ದನ್ನು ಅವರ ಎದುರೇ ಕನ್ನಡದಲ್ಲಿ ಬರೆದು, ಓದಿ ಹೇಳಿ.

ಪೆರ್ಲದ ಹಟ್ಟಿ

ಹಾಳೆ ಸಿಕ್ಕಿತು ಮಗಾ. ಆ ದನದ ಕರು ಈಗ ಗಬ್ಬ ಆಗಿದೆ, ಇನ್ನೆರಡು ತಿಂಗಳಲ್ಲಿ ಕರು ಹಾಕುತ್ತದೆ. ನಿನ್ನೆ ಹಟ್ಟಿಯಲ್ಲಿ ಕೂತು ತುಂಬಿಸಿದೆ. ಸರಿ ಉಂಟಾ ನೋಡು.

ತಿನ್ನುವುದು: ಬೆಳಿಗ್ಗೆ ಹಿಂಡಿ, ಅಕ್ಕಚ್ಚು. ಆಮೇಲೆ ಹಸಿ ಹುಲ್ಲು. ಅಡಿಕೆ ಹಾಳೆ ಕತ್ತರಿಸಿ ಹಾಕಿದರೆ ಮೊದಲು ಅದನ್ನೇ ತಿನ್ನುತ್ತದೆ. ಕುಡಿಯುವುದು: ಬಾವಿ ನೀರು ಮಾತ್ರ, ಕೆರೆಯದ್ದು ಮೂಸಿ ಬಿಡುತ್ತದೆ. ಮೆಲುಕು: ಹತ್ತು ಗಂಟೆಯ ನಂತರ, ಕಣ್ಣು ಅರ್ಧ ಮುಚ್ಚಿ. ಮಲಗುವುದು: ಯಾವಾಗಲೂ ಎಡಬದಿಗೆ, ಬಾಗಿಲಿನ ಕಡೆ ತಲೆ. ಏಳುವಾಗ ಹಿಂಗಾಲು ಮೊದಲು, ಒಂದೇ ಸಲಕ್ಕೆ. ನಡವಳಿಕೆ: ನನ್ನ ಸ್ವರ ಕೇಳಿದರೆ ಕಿವಿ ತಿರುಗಿಸುತ್ತದೆ. ಮಗ ಊರಿಗೆ ಬಂದರೆ ಎದ್ದು ನಿಲ್ಲುತ್ತದೆ.

ಕೆಳಗೆ ಜಾಗ ಉಳಿದಿತ್ತು. ಸೊಪ್ಪು, ಬೈಹುಲ್ಲು, ಗೋಣಿ ತಯಾರಿಟ್ಟಿದ್ದೇನೆ ಎಂದು ಬರೆದೆ. ಅಲಾರಂ ಇಡುವುದನ್ನು ಪಕ್ಕದ ಮನೆಯ ಹುಡುಗ ಕಲಿಸಿಕೊಟ್ಟಿದ್ದಾನೆ.